ಅಟ್ಟದ ಬಂದೂಕಿಗೆ ಕಾಗದವಿದೆಯೇ?

ಸಂತೆಕಲ್ಲೂರು, ಮಸ್ಕಿ, ಲಿಂಗಸುಗೂರು, ಸಿಂಧನೂರು ಸೀಮೆಯ ಹಳೆಯ ವಾಡೆಗಳೂ ಮಾಳಿಗೆ ಮನೆಗಳೂ ಒಂದೊಂದಾಗಿ ನೆಲಕ್ಕುರುಳುತ್ತಿವೆ. ಅಣ್ಣತಮ್ಮಂದಿರು ಪಾಲಾಗುತ್ತಾರೆ, ತೊಲೆ ಕಂಬಗಳು ಮಾರಾಟವಾಗುತ್ತವೆ, ಆ ಜಾಗದಲ್ಲಿ ಸಿಮೆಂಟಿನ ಮನೆ ಎದ್ದು ನಿಲ್ಲುತ್ತದೆ. ಹೀಗೆ ಮನೆ ಬಿಚ್ಚುವಾಗ ಅಟ್ಟದ ಮೂಲೆಯಲ್ಲಿ, ಗೋಣಿತಟ್ಟಿನಲ್ಲಿ ಸುತ್ತಿಟ್ಟ ಅಜ್ಜನ ಕಾಲದ ಬಂದೂಕೊಂದು ಸಿಕ್ಕಿತೆಂದು ಭಾವಿಸೋಣ. ಮನೆಯವರು ಏನು ಮಾಡಬೇಕು? ಒಬ್ಬರು, 'ಹಿರಿಯರ ನೆನಪು, ಇರಲಿ ಬಿಡಿ' ಎನ್ನುತ್ತಾರೆ. ಇನ್ನೊಬ್ಬರು, 'ತುಕ್ಕು ಹಿಡಿದದ್ದು, ಅದಕ್ಕೆಂಥ ಕಾನೂನು?' ಎನ್ನುತ್ತಾರೆ. ಮೂರನೆಯವರು, 'ಯಾರಾದರೂ ಕೇಳಿದರೆ ಕೊಟ್ಟುಬಿಡೋಣ, ನಾಲ್ಕು ಕಾಸು ಬರುತ್ತದೆ' ಎನ್ನುತ್ತಾರೆ. ಈ ಮೂರು ಮಾತುಗಳಲ್ಲಿ ಯಾವುದನ್ನು ನಂಬಿ ನಡೆದರೂ ಆ ಮನೆಯ ಯಜಮಾನ ಜೈಲಿನ ಬಾಗಿಲಿಗೆ ಹೋಗಿ ನಿಲ್ಲಬಹುದು. ಬಂದೂಕು ಹಳೆಯದೋ ಹೊಸದೋ, ಹಿರಿಯರದೋ ಕೊಂಡದ್ದೋ ಎಂದು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಇದು ಯಾವ ಬಗೆಯ ಆಯುಧ? ಇದಕ್ಕೆ ಯಾರ ಹೆಸರಿನಲ್ಲಿ ಕಾಗದವಿದೆ?

ಆಯುಧ ಮತ್ತು ಕಾನೂನಿನ ಸಂಬಂಧ ನಮ್ಮ ಸೀಮೆಗೆ ಹೊಸತಲ್ಲ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾನೂನು ತಂದು ಜನರು ತಮ್ಮ ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞಾಪಿಸಿದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬ್ರಿಟಿಷ್ ಪಡೆ ಊರಿಗೆ ನುಗ್ಗಿತು, ಹಲವರನ್ನು ಗಲ್ಲಿಗೇರಿಸಿತು. ಅವರ ಕಥೆ ಲಾವಣಿಯಾಗಿ ಇಂದಿಗೂ ಉಳಿದಿದೆ. ಮರುವರ್ಷವೇ ಕೃಷ್ಣೆಯ ಆಚೆ ದಡದ ಸುರಪುರದ ವೆಂಕಟಪ್ಪ ನಾಯಕ ಬ್ರಿಟಿಷರಿಗೆ ಎದುರಾಗಿ ನಿಂತ. ಬಳಿಕ 1878ರಲ್ಲಿ ವೈಸ್‌ರಾಯ್ ಲಿಟ್ಟನ್ ಕಾಲದಲ್ಲಿ ಬಂದ ಶಸ್ತ್ರ ಕಾನೂನು ಭಾರತೀಯನಿಗೆ ಪರವಾನಗಿ ಕಡ್ಡಾಯ ಮಾಡಿ ಯುರೋಪಿಯನ್ನನಿಗೆ ವಿನಾಯಿತಿ ಕೊಟ್ಟಿತು. ಪರಕೀಯ ಆಡಳಿತ ತನ್ನ ಪ್ರಜೆಗಳನ್ನು ನಂಬಲಾರದೆ ಮಾಡಿದ ಆ ಕಾನೂನು ಅವಮಾನಕರವೆಂದು ಸ್ವಾತಂತ್ರ್ಯ ಹೋರಾಟಗಾರರು ಖಂಡಿಸಿದ್ದು ಸಹಜವೇ ಆಗಿತ್ತು.

ಆದರೆ ಹಲಗಲಿಯ ಹೆಸರು ಹೇಳಿಕೊಂಡು ಇಂದು ಪರವಾನಗಿಯಿಲ್ಲದ ಬಂದೂಕು ಇಟ್ಟುಕೊಳ್ಳುವುದು ಆ ಬಲಿದಾನಕ್ಕೆ ಮಾಡುವ ಗೌರವವಲ್ಲ. ಇಂದು ಜಾರಿಯಲ್ಲಿರುವುದು ಸ್ವತಂತ್ರ ಭಾರತದ ಸಂಸತ್ತು ರೂಪಿಸಿದ 1959ರ ಶಸ್ತ್ರಾಸ್ತ್ರ ಕಾಯ್ದೆ. ಆಯುಧ ಹೊಂದುವುದನ್ನು ಮೂಲಭೂತ ಹಕ್ಕೆಂದು ಸೇರಿಸಬೇಕೆಂಬ ಎಚ್.ವಿ. ಕಾಮತರ ತಿದ್ದುಪಡಿ 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯ ಮುಂದೆ ಬಂದಿತ್ತು. ಡಾ. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ನಮ್ಮ ಸಂವಿಧಾನದ 19ನೆಯ ವಿಧಿ ಸಭೆ ಸೇರುವ ಸ್ವಾತಂತ್ರ್ಯವನ್ನು ಕೊಡುವಾಗಲೂ 'ಶಾಂತಿಯುತವಾಗಿ ಮತ್ತು ಆಯುಧಗಳಿಲ್ಲದೆ' ಎಂಬ ಷರತ್ತನ್ನು ಇಟ್ಟಿದೆ. 2023ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಮತ್ತು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಪರವಾನಗಿಯಿಲ್ಲದ ಬಂದೂಕುಗಳ ಹಾವಳಿಯನ್ನು ತಾನಾಗಿಯೇ ವಿಚಾರಣೆಗೆತ್ತಿಕೊಂಡು, ಅಮೆರಿಕದಂತೆ ನಮ್ಮಲ್ಲಿ ಆಯುಧ ಹೊಂದುವುದು ಮೂಲಭೂತ ಹಕ್ಕಲ್ಲವೆಂದು ನೆನಪಿಸಿತು. ಅಂದರೆ ಬಂದೂಕು ಇಲ್ಲಿ ಹಕ್ಕಲ್ಲ, ಷರತ್ತಿನ ಮೇಲೆ ಸಿಗುವ ಅನುಮತಿ. ಈ ಒಂದು ಅಂಶ ಮನವರಿಕೆಯಾದರೆ ಉಳಿದ ಗೊಂದಲಗಳು ತಾವಾಗಿಯೇ ತಿಳಿಯಾಗುತ್ತವೆ.

ಹಾಗಾದರೆ ಯಾವುದಕ್ಕೆ ಅನುಮತಿ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ? ಜನಸಾಮಾನ್ಯನ ತಿಳಿವಳಿಕೆಗೆ ಮೂರು ಬಗೆಗಳನ್ನು ಗುರುತಿಸಿಕೊಂಡರೆ ಸಾಕು. ಮೊದಲನೆಯದು ಸಾಮಾನ್ಯ ಪರವಾನಗಿಗೆ ಒಳಪಡುವ ಬಂದೂಕುಗಳು: ಒಂಟಿನಳಿಕೆ, ಜೋಡುನಳಿಕೆ ಬಂದೂಕು, ಮೂತಿಯಿಂದ ಮದ್ದು ತುಂಬುವ ಹಳೆಯ ಬಂದೂಕು, ಅನುಮತಿಸಿದ ಬೋರ್‌ನ ರಿವಾಲ್ವರ್, ಪಿಸ್ತೂಲ್, ರೈಫಲ್. ಇವುಗಳ ಪರವಾನಗಿ ಕೊಡುವ ಅಧಿಕಾರ ನಮ್ಮ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳದ್ದು. ಎರಡನೆಯದು ನಿಷೇಧಿತ ಶಸ್ತ್ರಗಳು. ಕುದುರೆ ಒತ್ತಿ ಹಿಡಿದರೆ ಒಂದೇ ಸಮನೆ ಗುಂಡು ಉಗುಳುವ ಆಯುಧಗಳಷ್ಟೇ ಇದರಲ್ಲಿವೆ ಎಂದು ಅನೇಕರು ತಿಳಿದಿದ್ದಾರೆ. ಅದು ಪೂರ್ಣ ಸತ್ಯವಲ್ಲ. ಸೇನೆ ಮತ್ತು ಪೊಲೀಸರು ಬಳಸುವ ಗುಂಡುಗಳನ್ನು ಹಾರಿಸಬಲ್ಲ ಪಾಯಿಂಟ್ 303 ರೈಫಲ್, 9 ಎಂ.ಎಂ. ಪಿಸ್ತೂಲ್ ಮುಂತಾದವೂ ಸಾಮಾನ್ಯರ ಕೈಗೆ ಸಿಗದ ವರ್ಗದಲ್ಲೇ ಇವೆ. ಅವುಗಳ ವಿಷಯದಲ್ಲಿ ತೀರ್ಮಾನ ದೆಹಲಿಯ ಗೃಹ ಸಚಿವಾಲಯದ್ದು, ರಾಯಚೂರಿನ ಕಚೇರಿಯದ್ದಲ್ಲ. ಆದ್ದರಿಂದ 'ನನ್ನಲ್ಲಿ ಲೈಸೆನ್ಸ್ ಇದೆ, ಯಾವುದನ್ನು ಕೊಂಡರೇನು?' ಎಂಬ ಮಾತು ಅಪಾಯಕಾರಿ. ಪರವಾನಗಿಯಲ್ಲಿ ಯಾವ ಬಗೆ, ಯಾವ ಬೋರ್ ಎಂದು ಬರೆದಿದೆಯೋ ಅದಕ್ಕೆ ಮಾತ್ರ ಅದು ರಕ್ಷೆ.

ಮೂರನೆಯದು ಏರ್‌ಗನ್. ಜಾತ್ರೆಯಲ್ಲಿ ಬಲೂನಿಗೆ ಗುರಿಯಿಡುವ ಈ ಗಾಳಿಬಂದೂಕಿಗೆ ಯಾವ ಕಾಗದವೂ ಬೇಡವೆಂದೇ ಎಲ್ಲರ ನಂಬಿಕೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅದರ ಶಕ್ತಿ 20 ಜೌಲ್ ಮೀರಿದರೆ ಅಥವಾ ಬೋರ್ 0.177 ಇಂಚನ್ನು ಮೀರಿದರೆ ಅದಕ್ಕೂ ಪರವಾನಗಿ ಬೇಕು. ಆಟಿಕೆ ಪಿಸ್ತೂಲನ್ನೋ ಸದ್ದು ಮಾತ್ರ ಮಾಡುವ ಪಿಸ್ತೂಲನ್ನೋ ಗುಂಡು ಹಾರುವಂತೆ ಮಾರ್ಪಡಿಸುವುದು ಪ್ರತ್ಯೇಕ ಅಪರಾಧ. ಹುಡುಗರಿಗೆ ಇಂಥದ್ದನ್ನು ಕೊಡಿಸುವ ತಂದೆತಾಯಂದಿರು ಪೆಟ್ಟಿಗೆಯ ಮೇಲೆ ಬರೆದದ್ದನ್ನು ಒಮ್ಮೆ ಓದಬೇಕು, ಬಿಲ್ಲನ್ನು ಜೋಪಾನವಾಗಿಡಬೇಕು.

ಈ ಬಗೆಗಳ ವ್ಯತ್ಯಾಸ ತಿಳಿಯದಿದ್ದರೆ ತೆರಬೇಕಾದ ಬೆಲೆ ಸಣ್ಣದಲ್ಲ. 2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯ ನಂತರ ಪರವಾನಗಿಯಿಲ್ಲದೆ ಸಾಮಾನ್ಯ ಬಂದೂಕು ಹೊಂದಿದ್ದರೆ 2ರಿಂದ 5 ವರ್ಷ ಸೆರೆವಾಸ. ನಿಷೇಧಿತ ಶಸ್ತ್ರವಾದರೆ 7ರಿಂದ 14 ವರ್ಷ. ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆ 3ರಿಂದ 2ಕ್ಕೆ ಇಳಿದಿದೆ. ಮದುವೆ ಮೆರವಣಿಗೆಯಲ್ಲೋ ಚುನಾವಣೆಯ ವಿಜಯೋತ್ಸವದಲ್ಲೋ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ, ಬಂದೂಕಿಗೆ ಪರವಾನಗಿ ಇದ್ದರೂ, 2 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಬೀಳಬಹುದು. ಕಾಯ್ದೆ ಬಂದೂಕಿನಷ್ಟೇ ಗುಂಡನ್ನೂ ಹಿಡಿಯುತ್ತದೆ ಎಂಬುದನ್ನು ಮರೆಯಬಾರದು. ಹಳೆಯ ಪೆಟ್ಟಿಗೆಯಲ್ಲಿ ಉಳಿದ ಒಂದೇ ಒಂದು ಜೀವಂತ ತೋಟಾ ಕೂಡ ಪ್ರಕರಣಕ್ಕೆ ಸಾಕು.

ಈಗ ಅಟ್ಟದ ಬಂದೂಕಿಗೆ ಬರೋಣ. ಹಳ್ಳಿಗಳ ಮಟ್ಟಿಗೆ ಹೆಚ್ಚು ಮಂದಿ ಅರಿವಿಲ್ಲದೆ ಎಡವಬಹುದಾದ ಜಾಗ ಇದೇ. ತಂದೆಗೆ ಪರವಾನಗಿ ಇತ್ತು. ತಂದೆ ತೀರಿಕೊಂಡರು. ಹೊಲ, ಮನೆ, ಎತ್ತು, ಟ್ರ್ಯಾಕ್ಟರ್ ಮಕ್ಕಳಿಗೆ ಬಂದಂತೆ ಬಂದೂಕೂ ಬಂತೆಂದು ಮಕ್ಕಳು ಭಾವಿಸುತ್ತಾರೆ. ಬಂದೂಕಿನ ಒಡೆತನ ವಾರಸಿಗೆ ಬರಬಹುದು, ಆದರೆ ಪರವಾನಗಿ ವಾರಸಿಗೆ ಬರುವುದಿಲ್ಲ. ಅದು ತಂದೆಯ ಉಸಿರಿನೊಂದಿಗೇ ಮುಗಿಯಿತು. ಅಂದಿನಿಂದ ಗೋಡೆಯ ಮೇಲೆ ತೂಗುತ್ತಿರುವುದು ಪರವಾನಗಿಯಿಲ್ಲದ ಆಯುಧ. ನವೀಕರಿಸದೆ ಅವಧಿ ಮುಗಿದ ಪರವಾನಗಿಯ ಕಥೆಯೂ ಇದೇ. ಕಾಯ್ದೆಯ 21ನೆಯ ಕಲಂ ಇಂತಹ ಸಂದರ್ಭಕ್ಕಾಗಿಯೇ ಇದೆ: ವಿಳಂಬ ಮಾಡದೆ ಬಂದೂಕನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಹೊಂದಿದ ಮಾರಾಟಗಾರನಲ್ಲಿ ಠೇವಣಿ ಇಡಬೇಕು, ರಸೀದಿ ಪಡೆಯಬೇಕು. ಠೇವಣಿ ಇಟ್ಟ ಮಾತ್ರಕ್ಕೆ ಬಂದೂಕು ಕೈತಪ್ಪಿತೆಂದು ಹೆದರಬೇಕಾಗಿಲ್ಲ. ನಿಗದಿತ ಅವಧಿಯೊಳಗೆ ಪರವಾನಗಿ ಪಡೆದರೆ ಅದನ್ನು ಮರಳಿ ಪಡೆಯಬಹುದು. ಬೇಡವಾದರೆ ಅನುಮತಿ ಪಡೆದು ಮಾರಬಹುದು.

2016ರ ನಿಯಮಗಳು ವಾರಸುದಾರರಿಗೆ ಇನ್ನೊಂದು ಅನುಕೂಲವನ್ನೂ ಕಲ್ಪಿಸಿವೆ. ಪರವಾನಗಿದಾರನಿಗೆ 70 ವರ್ಷ ತುಂಬಿದಾಗ ಅಥವಾ ಅವನು ಆ ಬಂದೂಕನ್ನು 25 ವರ್ಷ ಹೊಂದಿದ್ದಾಗ, ಯಾವುದು ಮೊದಲೋ ಆಗ, ತಾನು ಬದುಕಿರುವಾಗಲೇ ವಾರಸುದಾರರಲ್ಲೊಬ್ಬರನ್ನು ಸೂಚಿಸಿ ಅವರ ಹೆಸರಿಗೆ ಪರವಾನಗಿ ಕೇಳಬಹುದು. ಉಳಿದ ವಾರಸುದಾರರ ಒಪ್ಪಿಗೆ ಬೇಕು. ಹೊಲದ ಪಾಲುಪಟ್ಟಿಗೆ ಇರುವ ಮುತುವರ್ಜಿ ಬಂದೂಕಿನ ಕಾಗದಕ್ಕೂ ಇದ್ದರೆ ಮಕ್ಕಳು ಮುಂದೆ ಠಾಣೆಯ ಮೆಟ್ಟಿಲಲ್ಲಿ ಪರದಾಡಬೇಕಾಗುವುದಿಲ್ಲ. ಮನೆಯ ಹಿರಿಯರು ಇದನ್ನು ತಮ್ಮ ಕಾಲದಲ್ಲೇ ಮುಗಿಸಿಡುವುದು ಮಕ್ಕಳಿಗೆ ಮಾಡುವ ಉಪಕಾರ.

ಇನ್ನು 'ತುಕ್ಕು ಹಿಡಿದದ್ದಕ್ಕೆ ಕಾನೂನಿಲ್ಲ' ಎಂಬ ವಾದ. ಇದರಲ್ಲಿ ಅರ್ಧ ಸತ್ಯವಿದೆ, ಅಪಾಯವಿರುವುದೂ ಆ ಅರ್ಧದಲ್ಲೇ. ಕಾಯ್ದೆಯ 45ನೆಯ ಕಲಂ ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಬಂದೂಕಿಗೆ ವಿನಾಯಿತಿ ಕೊಡುತ್ತದೆ ನಿಜ. ಆದರೆ ದುರಸ್ತಿ ಮಾಡಿದರೂ ಮಾಡದಿದ್ದರೂ ಅದು ಬಂದೂಕಾಗಿ ಬಳಕೆಗೆ ಬಾರದಂತಿರಬೇಕು ಎಂಬ ಷರತ್ತನ್ನೂ ಅದೇ ಕಲಂ ಹೇಳುತ್ತದೆ. ಕಮ್ಮಾರನ ಅರ್ಧ ದಿನದ ಕೆಲಸದಿಂದ ಗುಂಡು ಹಾರಿಸಬಲ್ಲ ಬಂದೂಕು ಈ ವಿನಾಯಿತಿಗೆ ಒಳಪಡುವುದಿಲ್ಲ. ಅದು ಬಳಕೆಗೆ ಬರುತ್ತದೋ ಇಲ್ಲವೋ ಎಂದು ನಿರ್ಧರಿಸುವವರು ನಾವಲ್ಲ, ಪರೀಕ್ಷಿಸಬಲ್ಲ ತಜ್ಞರು. ಆದ್ದರಿಂದ ಸಿಕ್ಕ ದಿನವೇ ಠಾಣೆಗೆ ಲಿಖಿತ ಮಾಹಿತಿ ಕೊಟ್ಟು, ಅದರ ಪ್ರತಿಗೆ ಸಹಿ ಹಾಕಿಸಿಕೊಳ್ಳುವುದೇ ಜಾಣತನ. ಬಂದೂಕನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಠಾಣೆಗೆ ಒಯ್ಯುವ ಸಾಹಸವೂ ಬೇಡ. ಮೊದಲು ಮಾಹಿತಿ, ಆಮೇಲೆ ಪೊಲೀಸರು ಹೇಳಿದಂತೆ ಒಪ್ಪಿಸುವುದು. ಗೊತ್ತಿರುವ ವಕೀಲರೊಬ್ಬರು ಜೊತೆಗಿದ್ದರೆ ಇನ್ನೂ ಒಳಿತು.

ಹೊಸದಾಗಿ ಕೊಳ್ಳುವವನ ಹಾದಿಯೂ ಸ್ಪಷ್ಟವಾಗಿದೆ. ವಯಸ್ಸು 21 ಆಗಿರಬೇಕು. ಶಾಂತಿಪಾಲನೆಯ ಮುಚ್ಚಳಿಕೆ ಬರೆದುಕೊಟ್ಟು ಆ ಅವಧಿ ಮುಗಿಯದವನಿಗೆ, ಹಿಂಸೆಯ ಅಪರಾಧಕ್ಕೆ ಶಿಕ್ಷೆಯಾಗಿ 5 ವರ್ಷ ಕಳೆಯದವನಿಗೆ ಬಂದೂಕು ಹೊಂದಲು ಅವಕಾಶವಿಲ್ಲ. ಅರ್ಜಿ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ಬಂದೂಕನ್ನು ಭದ್ರವಾಗಿ ಇಡುವ ಬಗ್ಗೆ ಮುಚ್ಚಳಿಕೆ, ಪೊಲೀಸ್ ವರದಿ, ಆಮೇಲೆ ಪರವಾನಗಿ, ಅದರ ಮೇಲೆ ರಾಷ್ಟ್ರೀಯ ದತ್ತಾಂಶದ ಗುರುತಿನ ಸಂಖ್ಯೆ. ಇದೆಲ್ಲ ಮುಗಿದ ಮೇಲೆಯೇ ಅಂಗಡಿಯ ಬಾಗಿಲು. ಮೊದಲು ಬಂದೂಕು, ಆಮೇಲೆ ಕಾಗದ ಎಂಬುದು ಈ ವ್ಯವಹಾರದಲ್ಲಿ ನಡೆಯುವುದಿಲ್ಲ. ಪರವಾನಗಿ ಇರುವ ಒಬ್ಬ ವ್ಯಕ್ತಿಯಿಂದ ಇನ್ನೊಬ್ಬ ಕೊಳ್ಳುವುದಾದರೂ ಮಾರುವವನು ಜಿಲ್ಲಾ ದಂಡಾಧಿಕಾರಿಗೆ ಅಥವಾ ಠಾಣೆಗೆ ಲಿಖಿತ ಮಾಹಿತಿ ಕೊಟ್ಟು 45 ದಿನ ಕಳೆಯಬೇಕು. ಎತ್ತನ್ನು ಸಂತೆಯಲ್ಲಿ ಕೈಗೆ ಕೈ ಹಾಕಿ ಮಾರಿದಂತೆ ಬಂದೂಕನ್ನು ಮಾರಲಾಗದು. 'ಮೂರೇ ದಿನದಲ್ಲಿ ಲೈಸೆನ್ಸ್ ಸಮೇತ ಮನೆಗೆ ತಂದುಕೊಡುತ್ತೇನೆ' ಎನ್ನುವ ದಲ್ಲಾಳಿ ಕೊಡುವುದು ನಕಲಿ ಕಾಗದ ಮತ್ತು ಅಸಲಿ ಜೈಲು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ, ನಮಗೇಕಿಲ್ಲ? 1861ರಲ್ಲಿ ಬ್ರಿಟಿಷರು ಕೊಡವರಿಗೆ ಕೊಟ್ಟ ವಿನಾಯಿತಿ ಕೊಡವರು ಹಾಗೂ ಜಮ್ಮಾ ಹಿಡುವಳಿದಾರರಿಗೆ ಇಂದಿಗೂ ಮುಂದುವರಿದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 10 ವರ್ಷಗಳ ಅವಧಿಗೆ ವಿಸ್ತರಿಸಿತು, ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಹಲಗಲಿಯವರಿಂದ ಕಿತ್ತುಕೊಂಡ ಕಾಲದಲ್ಲೇ ಕೊಡಗಿನವರಿಗೆ ಬಿಟ್ಟುಕೊಟ್ಟದ್ದು ಚರಿತ್ರೆಯ ವಿಪರ್ಯಾಸವೇ ಸರಿ. ಆದರೆ ಅಲ್ಲಿಯೂ ವಿನಾಯಿತಿಯೆಂದರೆ ಕಾಗದವೇ ಬೇಡವೆಂದಲ್ಲ. ಜಿಲ್ಲಾಡಳಿತದಿಂದ ವಿನಾಯಿತಿ ಪ್ರಮಾಣಪತ್ರ ಪಡೆಯಬೇಕು, ಬಂದೂಕುಗಳ ಸಂಖ್ಯೆಗೂ ಮಿತಿಯಿದೆ.

ರೈತನ ಮಾತು ಬೇರೆ. ಸಿಂಧನೂರಿನ ಭತ್ತದ ಗದ್ದೆಯಾಗಲಿ ಲಿಂಗಸುಗೂರಿನ ಮಳೆಯಾಶ್ರಿತ ಹೊಲವಾಗಲಿ, ಹಂದಿ ಜಿಂಕೆಗಳ ಕಾಟ ಸುಳ್ಳಲ್ಲ. ಬೆಳೆ ರಕ್ಷಣೆಗೆ ಮದ್ದು ತುಂಬುವ ಬಂದೂಕಿನ ಪರವಾನಗಿಯನ್ನು ಕಾಯ್ದೆಯ 13ನೆಯ ಕಲಂ ಹೆಸರಿಸಿಯೇ ಹೇಳುತ್ತದೆ. ಆದರೆ ಬಂದೂಕಿನ ಪರವಾನಗಿ ಬೇಟೆಯ ಪರವಾನಗಿಯಲ್ಲ. ಕೃಷ್ಣಮೃಗ, ನವಿಲುಗಳು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಜೀವಿಗಳು. ಅವುಗಳನ್ನು ಕೊಂದರೆ ಕನಿಷ್ಠ 3 ವರ್ಷ ಸೆರೆವಾಸ. ಬಂದೂಕು ಸದ್ದು ಮಾಡಿ ಅಟ್ಟುವುದಕ್ಕೆ, ಹಾನಿಗೆ ಪರಿಹಾರ ಅರಣ್ಯ ಇಲಾಖೆಯಿಂದ.

ಎಲ್ಲಕ್ಕಿಂತ ಗಂಭೀರವಾದದ್ದು ಭಯದಿಂದ ಬಂದೂಕು ಬಯಸುವವನ ವಿಷಯ. ಊರಿನಲ್ಲಿ ಗುಂಪುಗಾರಿಕೆಯಿದೆ, ಜಮೀನಿನ ವ್ಯಾಜ್ಯವಿದೆ, ಎಲ್ಲಿಯೋ ಗಲಭೆಯಾದ ಸುದ್ದಿ ಬರುತ್ತದೆ. 'ಮನೆಯಲ್ಲಿ ಒಂದಿರಲಿ' ಎಂಬ ಪಿಸುಮಾತು ಹುಟ್ಟುವುದು ಇಂಥ ಹೊತ್ತಿನಲ್ಲಿ. ನಟ ಸಂಜಯ್ ದತ್ ಮುಂಬೈ ಗಲಭೆಗಳ ಹೊತ್ತಿನಲ್ಲಿ ಕುಟುಂಬದ ರಕ್ಷಣೆಗೆಂದು ಎ.ಕೆ.-56 ಇಟ್ಟುಕೊಂಡೆನೆಂದು ಹೇಳಿದ್ದನ್ನು ನೆನಪಿಸಿಕೊಳ್ಳಬೇಕು. ಭಯೋತ್ಪಾದನೆಯ ಸಂಚಿನ ಆರೋಪದಿಂದ ಆತ ಮುಕ್ತನಾದ. ಆದರೆ ಆಯುಧ ಹೊಂದಿದ್ದಕ್ಕೆ 2013ರಲ್ಲಿ ಸುಪ್ರೀಂ ಕೋರ್ಟ್ 5 ವರ್ಷದ ಶಿಕ್ಷೆ ವಿಧಿಸಿತು. ತಂದೆ ಸಂಸದ, ಕೈಯಲ್ಲಿ ಹಣ, ದೇಶಕ್ಕೆಲ್ಲ ಪರಿಚಿತ ಮುಖ: ಯಾವುದೂ ತಡೆಯಲಿಲ್ಲ. ಹಾಗಿರುವಾಗ ಹಳ್ಳಿಯ ಬಡವನ ಮಗನ ಗತಿಯೇನು? 'ಅದು ನನ್ನದಲ್ಲ, ಗೆಳೆಯ ಇಟ್ಟುಹೋದದ್ದು' ಎಂಬ ಮಾತೂ ಕಾಯುವುದಿಲ್ಲ. ವಸ್ತು ಇದೆಯೆಂದು ತಿಳಿದಿದ್ದು, ಅದು ತನ್ನ ಹಿಡಿತದಲ್ಲಿದ್ದರೆ ಅದು ಸ್ವಾಧೀನವೇ ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ಅಲ್ಪಸಂಖ್ಯಾತ ಯುವಕನ ಮನೆಯಲ್ಲಿ ಇಂಥದ್ದೊಂದು ಸಿಕ್ಕರೆ ಮರುದಿನದ ಪತ್ರಿಕೆಗಳಲ್ಲಿ ಅವನ ಹೆಸರಿಗೆ ಯಾವ ವಿಶೇಷಣಗಳು ಅಂಟಿಕೊಳ್ಳುತ್ತವೆ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಕಳಂಕ ತೊಳೆಯಲು ಒಂದು ಆಯುಷ್ಯ ಸಾಲದು.

ಮೇಲಾಗಿ ಕಾಗದವಿಲ್ಲದ ಪಿಸ್ತೂಲಿನ ನಿಜವಾದ ಉಪಯೋಗ ಯಾರಿಗೆ? 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಡಾ. ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ತಮ್ಮ ಮನೆಯ ಬಾಗಿಲಲ್ಲೇ ಹತ್ಯೆಯಾದರು. ಎರಡೂ ಹತ್ಯೆಗಳಿಗೆ ಬಳಕೆಯಾದದ್ದು ಒಂದೇ 7.65 ಎಂ.ಎಂ. ನಾಡಪಿಸ್ತೂಲೆಂದು ವಿಧಿವಿಜ್ಞಾನ ವರದಿ ಆಧರಿಸಿ ತನಿಖಾ ತಂಡ ಹೇಳಿತು. ಲೆಕ್ಕಕ್ಕೆ ಸಿಗದ ಆಯುಧ ಕಾಯುವುದು ಕೊಲೆಗಾರನನ್ನೇ ಹೊರತು ಅಂಜಿದವನನ್ನಲ್ಲ. ಅದಕ್ಕೆ ಮಾರುಕಟ್ಟೆ ಒದಗಿಸುವ ಪ್ರತಿಯೊಬ್ಬನೂ ನಾಳೆಯ ಇನ್ನೊಬ್ಬ ಕಲಬುರ್ಗಿಯ ಬಾಗಿಲು ತಟ್ಟುವವನಿಗೆ ದಾರಿ ಮಾಡಿಕೊಟ್ಟಂತೆ.

ಆದರೆ ಕಾನೂನು ಪಾಲಿಸಿರೆಂದು ಜನರಿಗೆ ಹೇಳಿದರೆ ಸಾಲದು. ಕಾನೂನಿನ ಹಾದಿ ನಡೆಯುವಂತಿರಬೇಕು. ಪೊಲೀಸ್ ವರದಿಗೆ 30 ದಿನ, ಆ ಬಳಿಕ ತೀರ್ಮಾನಕ್ಕೆ 60 ದಿನ ಎಂದು ನಿಯಮವೇ ಗಡುವು ವಿಧಿಸಿದೆ. ಕಡತ ವರ್ಷಗಟ್ಟಲೆ ಮೇಜಿನ ಮೇಲೆ ಮಲಗುವುದಾದರೆ ದಲ್ಲಾಳಿಗೆ ಗಿರಾಕಿ ಹುಟ್ಟಿಸುವುದು ಆಡಳಿತವೇ. ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸಕೂಡದೆಂದು 14ನೆಯ ಕಲಂ ಸ್ಪಷ್ಟವಾಗಿ ಹೇಳುತ್ತದೆ. ನಿರಾಕರಿಸಿದರೆ ಕಾರಣಗಳನ್ನು ಬರಹದಲ್ಲಿ ದಾಖಲಿಸಬೇಕು, ಅರ್ಜಿದಾರನಿಗೆ ಮೇಲ್ಮನವಿಯ ಹಕ್ಕಿದೆ. ಬಂದೂಕು ಗೌಡರಿಗೆ, ಗುತ್ತಿಗೆದಾರರಿಗೆ ಗೌರವದ ಆಭರಣವಾಗಿ, ನಿಜವಾದ ಬೆದರಿಕೆಯಿರುವ ಬಡವನಿಗೆ ಎಟುಕದ ವಸ್ತುವಾಗಿ ಇರುವುದನ್ನು ಕಾಯ್ದೆ ಬಯಸಿಲ್ಲ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಯ 1995ರ ನಿಯಮಗಳಂತೂ ಒಂದು ಹೆಜ್ಜೆ ಮುಂದೆ ಹೋಗಿವೆ. ದೌರ್ಜನ್ಯದ ಸಾಧ್ಯತೆಯಿರುವ ಪ್ರದೇಶದಲ್ಲಿ ಪರಿಶಿಷ್ಟರಲ್ಲದವರ ಪರವಾನಗಿ ರದ್ದುಪಡಿಸಲು, ಅಕ್ರಮ ಬಂದೂಕುಗಳನ್ನು ವಶಪಡಿಸಲು, ಅಗತ್ಯವಿದ್ದರೆ ಪರಿಶಿಷ್ಟರಿಗೆ ಪರವಾನಗಿ ಒದಗಿಸಲು ಸರ್ಕಾರಕ್ಕೆ ಅವು ಅವಕಾಶ ಕೊಡುತ್ತವೆ. ಈ ನಿಯಮ ಎಷ್ಟು ತಹಶೀಲ್ದಾರರಿಗೆ ಗೊತ್ತಿದೆ, ಎಷ್ಟು ದಲಿತ ಕೇರಿಗಳಿಗೆ ಗೊತ್ತಿದೆ?

ಕಾನೂನು ಎಲ್ಲರಿಗೂ ಒಂದೇ ಎಂದು ಕಾಣುವುದೂ ಅಷ್ಟೇ ಅಗತ್ಯ. 2022ರ ಮೇ ತಿಂಗಳಲ್ಲಿ ಕೊಡಗಿನ ಪೊನ್ನಂಪೇಟೆಯ ಶಾಲೆಯೊಂದರ ಆವರಣದಲ್ಲಿ ಬಜರಂಗದಳ ನಡೆಸಿದ ಶಿಬಿರದಲ್ಲಿ ಯುವಕರು ಬಂದೂಕು ಹಿಡಿದ ಚಿತ್ರಗಳು ರಾಜ್ಯವನ್ನೇ ಬೆಚ್ಚಿಬೀಳಿಸಿದವು. ಅವು ಏರ್‌ಗನ್, ಪರವಾನಗಿ ಬೇಕಿಲ್ಲ ಎಂಬ ಸಮರ್ಥನೆ ಬಂತು. ಆಯುಧಕ್ಕೆ ಪರವಾನಗಿ ಬೇಕೋ ಬೇಡವೋ ಎಂಬುದು ಒಂದು ಪ್ರಶ್ನೆ, ಶಾಲೆಯ ಅಂಗಳದಲ್ಲಿ ಹುಡುಗರ ಕೈಗೆ ಅದನ್ನು ಏಕೆ ಕೊಡಲಾಯಿತೆಂಬುದು ಇನ್ನೊಂದು. ಒಂದು ಗುಂಪಿನ ಆಯುಧ ತರಬೇತಿ 'ಶಿಬಿರ'ವಾಗಿ, ಇನ್ನೊಂದು ಗುಂಪಿನವನ ಮನೆಯ ತುಕ್ಕು ಬಂದೂಕು 'ಸಂಚು' ಆಗಿ ಕಂಡರೆ ಜನರು ಕಾನೂನನ್ನಲ್ಲ, ಕಾನೂನಿನ ಕಣ್ಣನ್ನು ಶಂಕಿಸುತ್ತಾರೆ. ಆ ಶಂಕೆಯೇ ಅಕ್ರಮ ಆಯುಧಕ್ಕೆ ಗೊಬ್ಬರ.

ರಾಯಚೂರು ಜಿಲ್ಲಾಡಳಿತ ಒಂದು ಒಳ್ಳೆಯ ಕೆಲಸ ಮಾಡಬಹುದು. ಚುನಾವಣೆ ಬಂದಾಗ ಪರವಾನಗಿ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿ ಇಡಿಸುವ ಏರ್ಪಾಡು ಹೇಗೂ ಇದೆ. ಅದೇ ಏರ್ಪಾಡನ್ನು ಬಳಸಿ ತಾಲೂಕಿಗೆ ಒಂದು ದಿನ ಗೊತ್ತುಮಾಡಿ, ಮೃತರ ಹೆಸರಿನಲ್ಲಿ ಉಳಿದ ಬಂದೂಕುಗಳ, ಅವಧಿ ಮುಗಿದ ಪರವಾನಗಿಗಳ ಅರ್ಜಿ ಸ್ವೀಕರಿಸಲಿ. ತಾನಾಗಿ ಬಂದು ಒಪ್ಪಿಸುವವನನ್ನು ಅಪರಾಧಿಯಂತಲ್ಲ, ನಾಗರಿಕನಂತೆ ನಡೆಸಿಕೊಳ್ಳಲಿ. ಮಸೀದಿ, ಮಠ, ಪಂಚಾಯತಿ ಕಟ್ಟೆಗಳಲ್ಲಿ ಈ ಮಾಹಿತಿ ಹೇಳುವವರು ನಮ್ಮವರೇ ಆಗಲಿ.

ಉಳಿದದ್ದು ನಮ್ಮ ಕೈಯಲ್ಲಿದೆ. ಮನೆಯ ಅಟ್ಟವನ್ನೊಮ್ಮೆ ನೋಡಿ. ಅಜ್ಜನ ಪೆಟ್ಟಿಗೆ ತೆರೆಯಿರಿ. ಸಿಕ್ಕಿದ್ದಕ್ಕೆ ಕಾಗದವಿದೆಯೇ, ಆ ಕಾಗದದಲ್ಲಿರುವ ಹೆಸರಿನವರು ಬದುಕಿದ್ದಾರೆಯೇ, ಅದರ ಅವಧಿ ಉಳಿದಿದೆಯೇ ಎಂದು ನೋಡಿ. ಮೂರಕ್ಕೂ 'ಹೌದು' ಎಂಬ ಉತ್ತರವಿಲ್ಲದಿದ್ದರೆ ಠಾಣೆಗೆ ಬರೆಯುವ ಅರ್ಜಿಯನ್ನು ನಾಳೆಗೆ ಮುಂದೂಡಬೇಡಿ. ಹಿರಿಯರ ಗೌರವ ಗೋಡೆಯ ಮೇಲಿನ ಬಂದೂಕಿನಲ್ಲಿಲ್ಲ. ಅವರ ಮಕ್ಕಳು ತಲೆಯೆತ್ತಿ ಬದುಕುವುದರಲ್ಲಿದೆ.